ಆರು ತಿಂಗಳು ಆಯ್ತಲ್ಲ ಸಾರ್, ಆಡಬಹುದಾ?

ಮಂಡಿಯ ಎಸಿಎಲ್ (ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಒಳಗಿನ ಅಸ್ಥಿರಜ್ಜು) ಆಪರೇಷನ್ ಮಾಡಿಸಿಕೊಂಡ ಹುಡುಗರು ಹಾಸನದ ಕಡೆಯ ಒಪಿಡಿಗಳಲ್ಲಿ ಕೇಳುವ ಪ್ರಶ್ನೆ ಇದೊಂದೇ. ಕೆಲವರಂತೂ ಕೇಳುವ ಹೊತ್ತಿಗೆ ಆಡಿಯೇ ಬಿಟ್ಟಿರುತ್ತಾರೆ. ಊರಲ್ಲಿ ಗಣೇಶನ ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ಇಟ್ಟಿರುತ್ತಾರೆ, ಅದರ ಬೆನ್ನಿಗೇ ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟದ ಆಯ್ಕೆ ಬರುತ್ತದೆ. ಮಂಡಿಯಲ್ಲಿ ನೋವಿಲ್ಲ, ಊತವಿಲ್ಲ. ಬೈಕ್ ಓಡಿಸುತ್ತಾರೆ, ತೋಟದ ಕೆಲಸಕ್ಕೂ ಹೋಗುತ್ತಾರೆ. ಇನ್ನೇನು ಬೇಕು ಅನ್ನಿಸುವುದು ಸಹಜ. ಆದರೆ ಆಟಕ್ಕೆ ಮರಳುವುದನ್ನು ನೋವು ನೋಡಿ, ಕ್ಯಾಲೆಂಡರ್ ನೋಡಿ ತೀರ್ಮಾನಿಸುವುದು ಶುದ್ಧ ತಪ್ಪು. ಈ ತಪ್ಪು ಹುಡುಗರದು ಮಾತ್ರ ಅಲ್ಲ. ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ 'ಆರು ತಿಂಗಳ ನಂತರ ಆಟ' ಎಂದು ಗೀಚಿಕೊಡುವ ವೈದ್ಯರದೂ ಹೌದು, ಹಾಗೆ ಬರೆಯಲು ಕಲಿಸುವ ಕಾಲೇಜುಗಳದೂ ಹೌದು.

ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಸಾಮಾನ್ಯವಾಗಿ ಹರಿದ ಎಸಿಎಲ್ ಅನ್ನು ಹೊಲಿದು ಕೂಡಿಸುವುದಿಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನ ಒಂದೆರಡು ಸ್ನಾಯುರಜ್ಜುಗಳನ್ನು ಮಂಡಿಯ ಕೆಳಗೆ ಒಳಬದಿಯಲ್ಲಿ ಸಣ್ಣ ಗಾಯ ಮಾಡಿ ತೆಗೆಯುತ್ತಾರೆ. ಅದನ್ನು ನಾಲ್ಕು ಎಳೆಯಾಗಿ ಮಡಚಿ 8 ಮಿಲಿಮೀಟರಿಗೆ ಕಡಿಮೆ ಇಲ್ಲದ ದಪ್ಪಕ್ಕೆ ತಂದು, ಮಂಡಿಯ ಮೇಲಿನ ಮತ್ತು ಕೆಳಗಿನ ಮೂಳೆಗಳಲ್ಲಿ ಕೊರೆದ ಟನೆಲ್‌ನೊಳಗೆ ಎಳೆದು ಕೂರಿಸುತ್ತಾರೆ. ಅದನ್ನು ಬಿಗಿಯಲು ಸಾಮಾನ್ಯವಾಗಿ ಮೇಲ್ಗಡೆ ಬಟನ್, ಕೆಳಗಡೆ ಸ್ಕ್ರೂ. ಹೀಗೆ ಕೂರಿಸಿದ ರಜ್ಜುವೇ ಗ್ರಾಫ್ಟ್. ಮೊದಲ ಎರಡು ತಿಂಗಳು ಗ್ರಾಫ್ಟನ್ನು ಹಿಡಿದಿರುವುದು ಮುಖ್ಯವಾಗಿ ಇವೆರಡೇ. ರಜ್ಜು ಮೂಳೆಗೆ ಬೆಸೆದುಕೊಳ್ಳಲು 8ರಿಂದ 12 ವಾರ ಬೇಕು.

ಬೆಸೆದುಕೊಂಡರೂ ಕೆಲಸ ಮುಗಿದಿರುವುದಿಲ್ಲ. ಜಾಗ ಬಿಡಿಸಿ ತಂದ ರಜ್ಜುವಿಗೆ ರಕ್ತದ ಪೂರೈಕೆಯೇ ಇರುವುದಿಲ್ಲ. ಮೊದಲ ವಾರಗಳಲ್ಲಿ ಅದರೊಳಗಿನ ಜೀವಕೋಶಗಳು ಬಹುಪಾಲು ಸಾಯುತ್ತವೆ. ಆಮೇಲೆ ಸುತ್ತಲಿನಿಂದ ಹೊಸ ರಕ್ತನಾಳಗಳು ಒಳಗೆ ಇಳಿದು, ಹಳೆಯ ನಾರು ಕರಗಿ, ಹೊಸ ನಾರು ಹುಟ್ಟಬೇಕು. ಎರಡನೇ, ಮೂರನೇ ತಿಂಗಳ ಆಸುಪಾಸಿನ ಈ ಹಂತದಲ್ಲಿ ಗ್ರಾಫ್ಟ್ ಆಪರೇಷನ್ ಆದ ದಿನಕ್ಕಿಂತಲೂ ಬಲಹೀನವಾಗಿರುತ್ತದೆ. ಪಾಲಿಥೀನ್ ಚೀಲದಿಂದ ತೆಗೆದು ನೆಟ್ಟ ಕಾಫಿ ಸಸಿಯ ಎಲೆ ಹಸಿರಾಗಿದ್ದರೂ ಬೇರು ಇನ್ನೂ ಮಣ್ಣು ಹಿಡಿದಿರುವುದಿಲ್ಲವಲ್ಲ, ಹಾಗೆ. ಗ್ರಾಫ್ಟ್ ಪೂರ್ತಿ ಮಾಗುವುದಕ್ಕೆ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ.

ನೋವು ಹೋಗುವುದು ಸರಿಯಾಗಿ ಈ ಬಲಹೀನ ಹಂತದಲ್ಲೇ. ನೋವು ಇದ್ದದ್ದು ಚರ್ಮದ ಗಾಯದಲ್ಲಿ, ರಜ್ಜು ತೆಗೆದ ಜಾಗದಲ್ಲಿ, ಕೀಲಿನ ಒಳಪೊರೆಯ ಊತದಲ್ಲಿ. ಅವೆಲ್ಲ ಕೆಲವೇ ವಾರಗಳಲ್ಲಿ ಮಾಯುತ್ತವೆ. ಗ್ರಾಫ್ಟ್ ಮಾತ್ರ ತಾನು ಬಲಹೀನ ಎಂದು ನೋವಿನ ಮೂಲಕ ಹೇಳುವುದಿಲ್ಲ. ಹಗ್ಗ ತೆಳ್ಳಗಿದೆ ಎಂದು ತಿಳಿಯುವುದು ಅದು ಕಿತ್ತ ದಿನವೇ. ನೋವಿಲ್ಲ ಎಂದರೆ ಗಾಯ ಮಾಗಿದೆ ಎಂದಷ್ಟೇ ಅರ್ಥ. ಇದನ್ನು ಎಷ್ಟು ಸಲ ಹೇಳಿದರೂ ಅಪ್ಪ ಅಮ್ಮಂದಿರಿಗೆ ಅರ್ಥವಾಗುತ್ತದೆ, ಹುಡುಗನಿಗೆ ಆಗುವುದಿಲ್ಲ. ಟೀಮಿನ ಕ್ಯಾಪ್ಟನ್‌ಗೆ ಕಿವಿಯ ಮೇಲೇ ಬೀಳುವುದಿಲ್ಲ.

2016ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಇಲ್ಲಿ ಹೇಳಲೇಬೇಕು. ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್ ತಂಡಗಳು ಸೇರಿ 106 ಜನರನ್ನು ಎರಡು ವರ್ಷ ಗಮನಿಸಿದವು. ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮಂಡಿಗೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬಲದ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗಿ ಆಟಕ್ಕೆ ಇಳಿದವರಲ್ಲಿ ಶೇ. 5.6 ಮಂದಿಗೆ ಮತ್ತೆ ಪೆಟ್ಟಾದರೆ, ಪಾಸಾಗದೆ ಇಳಿದವರಲ್ಲಿ ಶೇ. 38.2 ಮಂದಿಗೆ ಆಯಿತು. ಕತಾರ್‌ನ ದೋಹಾದಲ್ಲಿ 158 ವೃತ್ತಿಪರ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲೂ ಪರೀಕ್ಷೆ ಪೂರೈಸದೆ ಮೈದಾನಕ್ಕೆ ಹೋದವರ ಗ್ರಾಫ್ಟ್ ಹರಿಯುವ ಸಂಭವ ನಾಲ್ಕು ಪಟ್ಟು ಹೆಚ್ಚಿತ್ತು. ಜನರ ಸಂಖ್ಯೆ ಚಿಕ್ಕದು, ಆದ್ದರಿಂದ ಶೇಕಡಾವಾರನ್ನು ಅಕ್ಷರಶಃ ಹಿಡಿದುಕೊಳ್ಳಬಾರದು. ದಿಕ್ಕು ಮಾತ್ರ ಎರಡರದೂ ಒಂದೇ.

ಅಂದರೆ ಒಂಬತ್ತು ತಿಂಗಳು ಆದ ಕೂಡಲೇ ಬಾಗಿಲು ತೆರೆಯಿತು ಎಂದಲ್ಲ. ಒಂಬತ್ತು ತಿಂಗಳೂ ಆಗಿರಬೇಕು, ಪರೀಕ್ಷೆಯೂ ಪಾಸಾಗಿರಬೇಕು.

ಆ ಪರೀಕ್ಷೆಯಲ್ಲಿ ಫೇಲಾಗುವ ಕಾಲುಗಳು ಹಲವು ಸಲ ಮೊದಲ ತಿಂಗಳಲ್ಲೇ ಕೆಟ್ಟಿರುತ್ತವೆ. ಮನೆಯಲ್ಲಿ ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಕೊಡುತ್ತಾರೆ. ದಯವಿಟ್ಟು ಕೊಡಬೇಡಿ. ಮಂಡಿ ಮಡಚಿಕೊಂಡೇ ಇದ್ದು ಪೂರ್ತಿ ನೇರವಾಗುವುದು ನಿಂತುಹೋಗುತ್ತದೆ. ನೇರವಾಗದ ಮಂಡಿಯಲ್ಲಿ ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಸ್ನಾಯು ಬಲ ಪಡೆಯುವುದೇ ಇಲ್ಲ. ಬೇರೆ ಸೂಚನೆ ಇಲ್ಲದಿದ್ದರೆ ಟವೆಲ್ಲನ್ನು ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿ ತನ್ನ ಭಾರಕ್ಕೆ ತಾನೇ ಇಳಿಯಲಿ. ಮನೆಯಲ್ಲೇ ಪರೀಕ್ಷಿಸಲು ಮಂಚದ ಮೇಲೆ ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಭಾಗ ಮಂಚದಾಚೆ ಇಳಿಬಿಡಿ. ಎರಡು ಹಿಮ್ಮಡಿಗಳ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಇದೆ ನೋಡಿ. ಒಂದು ಸೆಂಟಿಮೀಟರ್ ಎಂದರೆ ಸುಮಾರು ಒಂದು ಡಿಗ್ರಿ ಕೊರತೆ. ಆರನೇ ವಾರದಲ್ಲೂ ಐದಾರು ಸೆಂಟಿಮೀಟರ್ ಉಳಿದಿದ್ದರೆ ತಡಮಾಡದೆ ಆಪರೇಷನ್ ಮಾಡಿದವರ ಬಳಿ ಹೋಗಿ. ಗ್ರಾಫ್ಟಿನ ಮುಂದೆ ಗಡ್ಡೆಯಂಥ ಅಂಗಾಂಶ ಬೆಳೆದು ಅಡ್ಡ ನಿಂತಿರಬಹುದು, ಅದನ್ನು ವ್ಯಾಯಾಮದಿಂದ ಸರಿಮಾಡಲಾಗದು.

ಇನ್ನೊಂದು ಕಷ್ಟ ನಮ್ಮ ಕಡೆಯದು. ಹೊಲಿಗೆ ಬಿಚ್ಚಿದ ಮೇಲೆ ಸಕಲೇಶಪುರದಿಂದಲೋ ಮೂಡಿಗೆರೆಯಿಂದಲೋ ಫಿಸಿಯೋಗೆ ಬಸ್ಸಿನಲ್ಲಿ ಬಂದು ಹೋಗುವುದು ಇಡೀ ದಿನದ ಕೆಲಸ. ಕೂಲಿ ಬಿಟ್ಟು ವಾರಕ್ಕೆ ಮೂರು ಸಲ ಬನ್ನಿ ಎನ್ನುವುದು ನ್ಯಾಯವೂ ಅಲ್ಲ. ಎರಡು ವಾರಕ್ಕೊಮ್ಮೆ ಬಂದು ವ್ಯಾಯಾಮ ತೋರಿಸಿಕೊಂಡು, ತಿದ್ದಿಸಿಕೊಂಡು, ಮುಂದಿನ ಹಂತ ಕಲಿತು ಹೋದರೂ ನಡೆಯುತ್ತದೆ, ಮನೆಯಲ್ಲಿ ಅದನ್ನು ಬಿಡದೆ ಮಾಡಿದರೆ. ಮಳೆಗಾಲದಲ್ಲಿ ಓಟ ಶುರುಮಾಡುವವರು ತೋಟದ ಇಳಿಜಾರು ಬಿಟ್ಟು ಶಾಲೆಯ ಮೈದಾನದ ಒಣ ಭಾಗವನ್ನೋ ಟಾರು ರಸ್ತೆಯನ್ನೋ ಆರಿಸಿಕೊಳ್ಳಬೇಕು.

ಪರೀಕ್ಷೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕ್ವಾಡ್ರಿಸೆಪ್ಸ್ ಬಲ ಅಳೆಯುವ ಯಂತ್ರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಜಿಮ್ಮಿನ ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ಒಂದೊಂದೇ ಕಾಲಲ್ಲಿ ಎಷ್ಟು ಭಾರ ಎತ್ತುತ್ತಾರೆ ನೋಡಬಹುದು, ಆದರೆ ಫಿಸಿಯೋ ಒಪ್ಪಿದ ಮೇಲೆ ಮಾತ್ರ. ಜಿಗಿತಕ್ಕೆ ಒಂದು ಟೇಪು ಸಾಕು: ಒಂಟಿ ಕಾಲಲ್ಲಿ ಒಂದು ನೆಗೆತ, ಸತತ ಮೂರು ನೆಗೆತ, ಗೆರೆಯ ಆಚೀಚೆ ಮೂರು ನೆಗೆತ, ಆರು ಮೀಟರ್ ಕುಂಟಿದ ಸಮಯ. ಆಪರೇಷನ್ ಆದ ಕಾಲು ಇನ್ನೊಂದರ ಶೇ. 90ನ್ನಾದರೂ ಮುಟ್ಟಬೇಕು. ಇಲ್ಲಿ ಎರಡು ಮೋಸಗಳಿವೆ. ಇಷ್ಟು ತಿಂಗಳು ಆಡದೆ ಒಳ್ಳೆಯ ಕಾಲೂ ಸೊರಗಿರುತ್ತದೆ, ಅದಕ್ಕೆ ಹೋಲಿಸಿದರೆ ಅಂಕ ಸುಮ್ಮನೆ ಏರುತ್ತದೆ. ಹಾಗಾಗಿ ಒಳ್ಳೆಯ ಕಾಲಿನ ಅಳತೆಯನ್ನು ಆಪರೇಷನ್ನಿಗೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡನೆಯದು, ನೆಗೆತದ ದೂರವನ್ನು ಸೊಂಟ ಮತ್ತು ಪಾದದ ಕೀಲುಗಳು ಸರಿತೂಗಿಸಿಬಿಡುತ್ತವೆ. ದೂರದ ಜೊತೆಗೆ ಕಾಲೂರುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ ಎಂದು ಎದುರಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿ.

ಕಬಡ್ಡಿಗೆ ಇನ್ನೂ ಒಂದು ಮಾತು. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ಆಂಕಲ್ ಹೋಲ್ಡ್ ಬಿದ್ದರೆ ಪಾದ ಸಿಕ್ಕಿಕೊಂಡಿರುತ್ತದೆ, ಮೈ ತಿರುಗುತ್ತದೆ. ಎಸಿಎಲ್‌ಗೆ ಇದಕ್ಕಿಂತ ಕೆಟ್ಟ ಸನ್ನಿವೇಶ ಕಡಿಮೆ. ಮ್ಯಾಟಿನ ಮೇಲೆ ಶೂ ಕಚ್ಚಿ ಹಿಡಿಯುವುದು ಬೇರೆ. ಪರೀಕ್ಷೆ ಪಾಸಾದವರೂ ಮೊದಲು ದಿಕ್ಕು ಬದಲಿಸುವ ಓಟ, ಆಮೇಲೆ ಮುಟ್ಟಾಟವಿಲ್ಲದ ರೈಡ್, ಆಮೇಲೆ ಒಬ್ಬನೇ ಡಿಫೆಂಡರ್, ಕೊನೆಗೆ ಪೂರ್ತಿ ತಂಡ, ಹೀಗೆ ವಾರಗಟ್ಟಲೆ ಹಂತಹಂತವಾಗಿ ಹೋಗಬೇಕು.

ಈಗ ಪಿಜಿ ವಿದ್ಯಾರ್ಥಿಗಳಿಗೆ. ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ ಎಂ.ಎಸ್. ಆರ್ಥೋ ಮೂರು ವರ್ಷದ್ದು. ಸಿನಾಪ್ಸಿಸ್, ಎಥಿಕ್ಸ್ ಕಮಿಟಿ ಎಂದು ಮೊದಲ ತಿಂಗಳುಗಳು ಹೋಗುತ್ತವೆ, ಪರೀಕ್ಷೆಗೆ ತಿಂಗಳುಗಳ ಮೊದಲೇ ಥೀಸಿಸ್ ಒಪ್ಪಿಸಬೇಕು. ಎಸಿಎಲ್ ಮೇಲೆ ಥೀಸಿಸ್ ಮಾಡಿದರೆ ಅದರ ಕೊನೆಯ ರೋಗಿಗೆ ಉಳಿಯುವ ಫಾಲೋ-ಅಪ್ ಆರೇ ತಿಂಗಳು. ಗ್ರಾಫ್ಟ್ ಹರಿಯುವುದು ಆಟಕ್ಕೆ ಇಳಿದ ಮೇಲೆ, ನೀವು ಅದಕ್ಕೂ ಮೊದಲೇ 'ಉತ್ತಮ ಫಲಿತಾಂಶ' ಎಂದು ಬರೆದು ಮುಗಿಸುತ್ತೀರಿ. ಫಲಿತಾಂಶ ಅಳೆಯಲು ಬಳಸುವುದು ಮಂಡಿಯ ತೊಂದರೆಗಳನ್ನು ಕೇಳಿ ಅಂಕ ಕೊಡುವ ಲಿಶೋಮ್ ಸ್ಕೋರ್. ಅದರ ನೂರು ಅಂಕದಲ್ಲಿ ನೋವಿಗೆ 25, ಮಂಡಿ ಜಾರುವುದಕ್ಕೆ 25. ಆಟವನ್ನೇ ಬಿಟ್ಟು ಅಂಗಡಿಯಲ್ಲಿ ಕೂತವನಿಗೂ ತೊಂಬತ್ತೈದು ಬರುತ್ತದೆ. ಅದಕ್ಕೇ ಪಕ್ಕದಲ್ಲಿ ಆಟ, ಕೆಲಸಗಳ ಮಟ್ಟ ಅಳೆಯುವ ಟೆಗ್ನರ್ ಸ್ಕೇಲ್ ಇರಬೇಕು, ಪೆಟ್ಟಾಗುವ ಮೊದಲು ಎಷ್ಟಿತ್ತು, ಈಗ ಎಷ್ಟು ಎಂದು. ಟನೆಲ್ ಕೊರೆಯುವುದನ್ನು ಕಲಿಯಲು ಶವಗಳ ಮೇಲೆ ಅಭ್ಯಾಸ ಮಾಡಿಸುವ ಕಡಾವರ್ ವರ್ಕ್‌ಶಾಪಿಗೆ ದುಡ್ಡು ಕಟ್ಟಿ ಹೋಗುತ್ತೀರಿ, ಒಳ್ಳೆಯದೇ. ವಾರದಲ್ಲಿ ಒಂದು ಬೆಳಿಗ್ಗೆ ನಿಮ್ಮದೇ ಆಸ್ಪತ್ರೆಯ ಫಿಸಿಯೋ ವಿಭಾಗದಲ್ಲೂ ನಿಲ್ಲಿ.

ಮತ್ತೆ ಹರಿದುಕೊಂಡವನು ನಿಮ್ಮ ಬಳಿ ಬರುವುದಿಲ್ಲ. ಮುಜುಗರಕ್ಕೆ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾನೆ, ನಿಮ್ಮ ಪಟ್ಟಿಯಲ್ಲಿ ಅವನು ಸಂಪರ್ಕಕ್ಕೆ ಸಿಗದವನು. ಈ ವಯಸ್ಸಿನವರು ಸಿಮ್ ಬದಲಿಸುತ್ತಲೇ ಇರುತ್ತಾರೆ, ಆದ್ದರಿಂದ ದಾಖಲಾಗುವಾಗಲೇ ಒಪ್ಪಿಗೆ ಪಡೆದು ತಾಯಿಯದೋ ಪಿ.ಟಿ. ಮೇಷ್ಟ್ರದೋ ನಂಬರನ್ನೂ ಬರೆದುಕೊಳ್ಳಿ. ಎರಡು ವರ್ಷಕ್ಕೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಈಗ ಯಾವ ಆಟ ಆಡ್ತಿದ್ದೀಯಾ, ಮಂಡಿ ಮತ್ತೆ ಜಾರಿತಾ, ಎರಡರಲ್ಲಿ ಯಾವುದಾದರೂ ಮಂಡಿಗೆ ಇನ್ನೊಂದು ಆಪರೇಷನ್ ಆಯ್ತಾ? ನೀವು ಪಾಸಾಗಿ ಹೋಗಿದ್ದರೆ ಆ ಪಟ್ಟಿಯನ್ನು ಜೂನಿಯರ್ ಕೈಗೆ ಕೊಟ್ಟು ಹೋಗಿ.