ರಿಕವರಿ ರೈಡ್ ಎಂದರೇನು? ಎಷ್ಟು ನಿಧಾನ, ಎಷ್ಟು ಹೊತ್ತು

ಸೈಕ್ಲಿಂಗ್ ತರಬೇತಿಯ ವೇಳಾಪಟ್ಟಿಯಲ್ಲಿ ಕಠಿಣ ದಿನದ ಮರುದಿನಕ್ಕೆ ‘ರಿಕವರಿ ರೈಡ್’ ಎಂದು ಬರೆದಿರುತ್ತಾರೆ. ದೇಹಕ್ಕೆ ಹೊಸ ಆಯಾಸ ಸೇರದಷ್ಟು ಹಗುರವಾಗಿ, 30ರಿಂದ 60 ನಿಮಿಷ ಪೆಡಲ್ ತುಳಿಯುವುದು ಎಂದು ಅದರ ಅರ್ಥ. ಫಿಟ್‌ನೆಸ್ ಹೆಚ್ಚಿಸುವುದು ಇದರ ಉದ್ದೇಶವಲ್ಲ. ಮುಂದಿನ ಕಠಿಣ ದಿನಕ್ಕೆ ಕಾಲು ತಾಜಾ ಆಗಿದ್ದರೆ ಇದರ ಕೆಲಸ ಮುಗಿಯಿತು.

ಹಗುರ ಎಂದರೆ ಎಷ್ಟು? ಸುಮಾರು ಒಂದು ಗಂಟೆ ಕಾಲ ಕುಸಿಯದೆ ಉಳಿಸಿಕೊಳ್ಳಬಲ್ಲ ಗರಿಷ್ಠ ಶಕ್ತಿಗೆ ಎಫ್‌ಟಿಪಿ ಎನ್ನುತ್ತಾರೆ. ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ ತರಬೇತಿ ವಲಯಗಳಲ್ಲಿ ಎಫ್‌ಟಿಪಿಯ 55%ಕ್ಕಿಂತ ಕೆಳಗಿನದು ಮೊದಲ ವಲಯ. ರಿಕವರಿ ರೈಡ್ ಪೂರ್ತಿ ಅಲ್ಲೇ ಇರಬೇಕು. ನಿಮ್ಮ ಎಫ್‌ಟಿಪಿ 200 ವ್ಯಾಟ್ ಆದರೆ ಮಿತಿ 110 ವ್ಯಾಟ್. ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಇಲ್ಲದವರು ಮಾತಾಡಿ ನೋಡಿದರೆ ಸಾಕು: ಉದ್ದುದ್ದ ವಾಕ್ಯಗಳನ್ನು ಉಸಿರು ಕಟ್ಟದೆ ಹೇಳಲು ಆಗಬೇಕು. ಮುಂದೆ ಚಿಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿಕೊಂಡು ನಿಮಿಷಕ್ಕೆ 85–90 ಸುತ್ತು ತುಳಿಯಿರಿ. ಪೆಡಲ್ ಮೇಲೆ ಒತ್ತಡವೇ ಇಲ್ಲ ಅನಿಸಬೇಕು.

ಹೆಚ್ಚಿನವರು ತಪ್ಪುವುದು ದಾರಿ ಆರಿಸುವಾಗ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದ್ದರೆ, 5% ಏರಿನಲ್ಲಿ ಗಂಟೆಗೆ ಬರೀ 10 ಕಿ.ಮೀ. ವೇಗಕ್ಕೇ ಸುಮಾರು 120 ವ್ಯಾಟ್ ಬೇಕು. ಅಂದರೆ 110 ವ್ಯಾಟ್ ಮಿತಿಯ ಸವಾರ ಎಷ್ಟೇ ಜಾಗ್ರತೆ ವಹಿಸಿದರೂ ಒಂದು ಫ್ಲೈಓವರ್ ಹತ್ತುವಾಗಲೇ ಮಿತಿ ದಾಟುತ್ತಾನೆ. ಬೆಂಗಳೂರಿನಂಥ ಏರಿಳಿತದ ಊರಿನಲ್ಲಿ ಇದಕ್ಕಾಗಿಯೇ ಒಂದು ಸಮತಟ್ಟು ದಾರಿ ಹುಡುಕಿಟ್ಟುಕೊಳ್ಳಬೇಕು, ಇಲ್ಲವೇ ಮನೆಯೊಳಗೆ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸಾಧನ) ಮೇಲೆ ಫ್ಯಾನ್ ಹಾಕಿಕೊಂಡು ತುಳಿಯಬೇಕು. ಎರಡನೆಯ ತಪ್ಪು ಗುಂಪಿನಲ್ಲಿ ಹೋಗುವುದು. ಮುಂದಿನವರು ಸ್ವಲ್ಪ ಜೋರು ಮಾಡಿದರೆ ಹಿಂದಿನವರು ಬಿಡುವುದಿಲ್ಲ. ಅರ್ಧ ಗಂಟೆಯಲ್ಲಿ ಅದು ಮಧ್ಯಮ ಶ್ರಮದ ಸವಾರಿಯಾಗಿರುತ್ತದೆ. ಚೇತರಿಕೆಗೆ ಅದು ಹೆಚ್ಚು, ತರಬೇತಿಗೆ ಕಡಿಮೆ.

ಕಾಲಿನಲ್ಲಿ ಉಳಿದ ಲ್ಯಾಕ್ಟಿಕ್ ಆಮ್ಲವನ್ನು ಈ ಸವಾರಿ ತೊಳೆದು ಹಾಕುತ್ತದೆ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಅದು ಸರಿಯಲ್ಲ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ ದೇಹದಲ್ಲಿ ಇರುವ ರೂಪ) ವ್ಯಾಯಾಮ ನಿಂತ ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಇಳಿದಿರುತ್ತದೆ. ಮರುದಿನ ತೊಳೆಯಲು ಏನೂ ಉಳಿದಿರುವುದಿಲ್ಲ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಹಾನಿಯದು. ಹಗುರ ಸವಾರಿಯಿಂದ ರಕ್ತಸಂಚಾರ ಹೆಚ್ಚಿ ಬಿಗಿತ ಸಡಿಲವಾಗುತ್ತದೆ. ಹಾನಿ ದುರಸ್ತಿಯಾಗುವುದು ಮಾತ್ರ ನಿದ್ದೆ ಮತ್ತು ಊಟದಿಂದ.

ಊಟದ ವಿಷಯ ಮುಖ್ಯ. 45 ನಿಮಿಷ 100 ವ್ಯಾಟ್‌ನಲ್ಲಿ ತುಳಿದರೂ ಸರಿಸುಮಾರು 270 ಕಿಲೋ ಕ್ಯಾಲೊರಿ ಖರ್ಚಾಗುತ್ತದೆ. ಹಿಂದಿನ ದಿನ ಖಾಲಿಯಾದ ಗ್ಲೈಕೋಜನ್ (ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು) ತುಂಬಿಕೊಳ್ಳಲು ಚೆನ್ನಾಗಿ ತಿಂದರೂ ಒಂದು ದಿನ ಹಿಡಿಯುತ್ತದೆ. ಹಾಗಾಗಿ ತೂಕ ಇಳಿಸುವ ಆಸೆಯಿಂದ ಈ ದಿನ ಉಪವಾಸ ಮಾಡಬೇಡಿ. ಅನ್ನ, ಮುದ್ದೆ, ಚಪಾತಿ ಧಾರಾಳವಾಗಿರಲಿ. ಜೊತೆಗೆ ಪ್ರತಿ ಊಟದಲ್ಲೂ 20–25 ಗ್ರಾಂ ಪ್ರೋಟೀನ್ ಸಿಗಬೇಕು. ಮೂರು ಮೊಟ್ಟೆ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ.

ರಿಕವರಿ ರೈಡ್ ಪೂರ್ಣ ವಿಶ್ರಾಂತಿಗೆ ಬದಲಿಯಲ್ಲ. ಮಂಗಳವಾರ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯುವುದು), ಗುರುವಾರ ಏರುದಾರಿ, ಭಾನುವಾರ ದೂರದ ಸವಾರಿ ಇದ್ದರೆ ಬುಧವಾರ ಇದನ್ನು ಇಟ್ಟು, ಸೋಮವಾರ ಸೈಕಲ್ ಮುಟ್ಟದಿರುವುದೇ ಒಳ್ಳೆಯದು. ಬೆಳಿಗ್ಗೆ ಏಳುವ ಮುನ್ನ ಎಣಿಸಿದ ನಾಡಿಬಡಿತ ಎಂದಿಗಿಂತ 7–10 ಹೆಚ್ಚಿದ್ದರೆ, ಅಥವಾ ನಿದ್ದೆ ಕೆಟ್ಟು ಸಣ್ಣದಕ್ಕೂ ಸಿಡುಕು ಬರುತ್ತಿದ್ದರೆ ಹಗುರ ಸವಾರಿಯನ್ನೂ ಬಿಡಿ. ಜ್ವರವಿದ್ದಾಗಲಂತೂ ಸೈಕಲ್ ಹತ್ತಲೇಬಾರದು. ಜೋರಾಗಿ ತುಳಿದರೂ ನಾಡಿಬಡಿತ ಎಂದಿನ ಮಟ್ಟಕ್ಕೆ ಏರದಿರುವುದು ಆಯಾಸದ ಇನ್ನೊಂದು ಲಕ್ಷಣ. ಫಿಟ್ ಆಗಿದ್ದೇವೆ ಎಂದು ಇದನ್ನು ತಪ್ಪಾಗಿ ಓದಿಕೊಳ್ಳುವವರು ಬಹಳ ಜನ. ಈ ಲಕ್ಷಣಗಳು ಎರಡು ಮೂರು ದಿನದ ವಿಶ್ರಾಂತಿಗೂ ಬಗ್ಗದಿದ್ದರೆ ಇಡೀ ವಾರದ ಸವಾರಿಯ ಗಂಟೆಗಳನ್ನು ಅರ್ಧಕ್ಕೆ ಇಳಿಸಬೇಕು. ಇಂಥ ಹಗುರ ವಾರವನ್ನು ಲಕ್ಷಣಗಳಿಗೆ ಕಾಯದೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಮೊದಲೇ ಬರೆದಿಟ್ಟುಕೊಳ್ಳುವುದು ಅನುಭವಿ ಕೋಚ್‌ಗಳ ರೂಢಿ. ಐವತ್ತು ದಾಟಿದವರಿಗೆ ನಾಲ್ಕಕ್ಕಿಂತ ಮೂರು ವಾರದ ಲೆಕ್ಕವೇ ಹೊಂದುತ್ತದೆ.