ಮೆಗ್ನೀಸಿಯಮ್ ಕಡಿಮೆಯಾಯಿತು ಅಂತ ಸಾಲ್ಮೊನೆಲ್ಲಾಗೆ ಗೊತ್ತಾಗುವುದು ಹೇಗೆ?

ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಕೆಲಸಕ್ಕೆ ಬರಬೇಕಾದರೆ ಅದಕ್ಕೆ ಮೆಗ್ನೀಸಿಯಮ್ ಅಂಟಿಕೊಂಡಿರಬೇಕು. ಪ್ರೋಟೀನ್ ತಯಾರಿಸುವ ರೈಬೋಸೋಮ್ ಕಳಚಿ ಬೀಳದಂತೆ ಹಿಡಿದಿಡುವುದೂ ಅದೇ. ಹಾಗಾಗಿ ಬ್ಯಾಕ್ಟೀರಿಯಾ ಅದರ ಲೆಕ್ಕವನ್ನು ಬಹಳ ಎಚ್ಚರಿಕೆಯಿಂದ ಇಡುತ್ತದೆ.

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಳಪೊರೆಯಲ್ಲಿ ಫೋಕ್ಯೂ ಎಂಬ ಪ್ರೋಟೀನ್ ಇದೆ. ಅದರ ಒಂದು ಭಾಗ ಎರಡು ಪೊರೆಗಳ ನಡುವಿನ ಜಾಗಕ್ಕೆ ಚಾಚಿಕೊಂಡಿದೆ. ಆ ಭಾಗದಲ್ಲಿ ಋಣ ವಿದ್ಯುದಂಶ ಜಾಸ್ತಿ. ಮೆಗ್ನೀಸಿಯಮ್ ಧನ ಅಯಾನು, ಅಲ್ವಾ? ಬಂದು ಅಲ್ಲಿ ಕೂರುತ್ತದೆ. ಅದು ಕೂತಿರುವಾಗ ಫೋಕ್ಯೂ ತನ್ನ ಜೊತೆಗಾರ ಫೋಪಿಯ ಮೇಲಿನ ಫಾಸ್ಫೇಟನ್ನು ತೆಗೆಯುತ್ತಿರುತ್ತದೆ. ಮೆಗ್ನೀಸಿಯಮ್ ಎದ್ದು ಹೋದರೆ ಫೋಕ್ಯೂ ಫೋಪಿಗೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಫೋಪಿ ಡಿಎನ್‌ಎ ಹಿಡಿದು ಜೀನ್‌ಗಳನ್ನು ಆನ್ ಮಾಡುತ್ತದೆ. ಇದನ್ನು 1996ರಲ್ಲಿ ಎಡುವಾರ್ಡೊ ಗ್ರೋಯಿಸ್‌ಮನ್ ಅವರ ತಂಡ ತೋರಿಸಿತು. ನಾನು ಮೊದಲು ಇದನ್ನು ತಿರುಗುಮುರುಗಾಗಿ ಓದಿಕೊಂಡಿದ್ದೆ. ಮೆಗ್ನೀಸಿಯಮ್ ಇದ್ದರೆ ಆಫ್, ಇಲ್ಲದಿದ್ದರೆ ಆನ್. ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ.

ಹೀಗೆ ಆನ್ ಆಗುವ ಜೀನ್‌ಗಳಲ್ಲಿ ಒಂದು ಎಂಜಿಟಿಎ. ಇದು ಎಟಿಪಿ ಖರ್ಚು ಮಾಡಿ ಮೆಗ್ನೀಸಿಯಮ್ ಒಳಗೆ ಎಳೆಯುವ ಪಂಪ್‌ನ ಜೀನ್. ಮಾಮೂಲಿ ದಿನಗಳಿಗೆ ಕೋರ್‌ಎ ಎಂಬ ದಾರಿ ಯಾವಾಗಲೂ ಇದ್ದೇ ಇರುತ್ತದೆ. ಎಂಜಿಟಿಎ ಕಷ್ಟಕಾಲಕ್ಕೆ.

ಆದರೆ ಅಂಗಡಿಯಲ್ಲಿ ಅಕ್ಕಿ ಇಲ್ಲ ಅನ್ನುವುದು ಬೇರೆ, ಮನೆಯ ಅಕ್ಕಿ ಡಬ್ಬದ ತಳ ಕಾಣುವುದು ಬೇರೆ. ಫೋಕ್ಯೂ ನೋಡುವುದು ಅಂಗಡಿಯನ್ನು, ಅಂದರೆ ಜೀವಕೋಶದ ಹೊರಗನ್ನು ಮಾತ್ರ. ಡಬ್ಬ ನೋಡುವವರು ಯಾರು?

ಆರ್‌ಎನ್‌ಎ! ನನಗೆ ಈ ಪಾಠದಲ್ಲಿ ಅತಿ ಇಷ್ಟವಾದ ಭಾಗ ಇದು. ಎಂಜಿಟಿಎ ಜೀನ್ ನಕಲಾಗಿ ಬರುವ ಆರ್‌ಎನ್‌ಎ ಸಂದೇಶದ ಶುರುವಿನಲ್ಲಿ, ಪಂಪ್‌ನ ಸಂಕೇತಕ್ಕೂ ಮುಂಚೆ, 264 ಅಕ್ಷರಗಳ, ಅಂದರೆ ನ್ಯೂಕ್ಲಿಯೋಟೈಡ್‌ಗಳ ಒಂದು ತುಂಡು ಇದೆ. ಜೀವಕೋಶದೊಳಗೆ ಮೆಗ್ನೀಸಿಯಮ್ ಸಾಕಷ್ಟಿದ್ದರೆ ಆ ತುಂಡು ಒಂದು ರೀತಿ ಮಡಚಿಕೊಳ್ಳುತ್ತದೆ, ನಕಲು ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ. ಕಡಿಮೆಯಿದ್ದರೆ ಮಡಿಕೆ ಬದಲಾಗುತ್ತದೆ, ನಕಲು ಪೂರ್ತಿಯಾಗುತ್ತದೆ. 2006ರಲ್ಲಿ ಇದನ್ನು ಕಂಡುಕೊಂಡದ್ದೂ ಅದೇ ತಂಡ. ಅಂದರೆ ಫೋಪಿ ಹೇಳಿದರೂ ಪಂಪ್ ತಯಾರಾಗುವುದು ಒಳಗೆ ನಿಜವಾಗಿ ಕೊರತೆ ಇದ್ದಾಗ ಮಾತ್ರ.

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲೂ ಇಂಥದ್ದೊಂದು ಆರ್‌ಎನ್‌ಎ ಇದೆ, ಹೆಸರು ಎಂ-ಬಾಕ್ಸ್. ಅದರ ಆಕಾರ ಸಿಕ್ಕಿದ್ದು 2007ರಲ್ಲಿ. ಪರೀಕ್ಷೆಗೆ ಓದುವವರು ಇಲ್ಲೊಂದು ಕಡೆ ಹುಷಾರಾಗಿರಿ: ಆ ಬ್ಯಾಕ್ಟೀರಿಯಾದಲ್ಲೂ ಫೋಪಿ ಎಂಬ ಹೆಸರಿನ ಪ್ರೋಟೀನ್ ಇದೆ, ಆದರೆ ಅದರ ಜೊತೆಗಾರ ಫೋಆರ್, ಅವೆರಡೂ ನೋಡಿಕೊಳ್ಳುವುದು ಫಾಸ್ಫೇಟ್ ಕೊರತೆಯನ್ನು.