ಮಾತ್ರೆ ಕೊಡುವ ಮುನ್ನ ಕೇಳಬೇಕಾದದ್ದು

ನರ್ಸಿಂಗ್ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಇಂಜೆಕ್ಷನ್ ಕೊಡುವುದರಲ್ಲಿ, ಡ್ರಿಪ್ ಹಾಕುವುದರಲ್ಲಿ ಸಾಕಷ್ಟು ಪಳಗಿರುತ್ತಾರೆ. ಆದರೆ ಎದುರಿಗಿರುವ ರೋಗಿಗೆ ಯಾವ ಔಷಧಿ ಬೇಕು, ಯಾವುದು ಬೇಡ ಎಂದು ಸ್ವತಃ ಯೋಚಿಸಬೇಕಾದಾಗ ಹಲವರು ಹಿಂಜರಿಯುತ್ತಾರೆ. ಕೋಲಾರದಲ್ಲಿ ಅವರಿಗೆ ಪಾಠ ಹೇಳುವ ನಾನು ಆ ಹಿಂಜರಿಕೆಯನ್ನು ದೋಷವೆಂದು ಭಾವಿಸುವುದಿಲ್ಲ. ಏನನ್ನೂ ಕೇಳದೆ ಧೈರ್ಯವಾಗಿ ಮಾತ್ರೆ ಎಣಿಸಿ ಕೊಡುವವರನ್ನು ಕಂಡರೆ ನನಗೆ ಹೆಚ್ಚು ಕಳವಳವಾಗುತ್ತದೆ.

2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಆರಂಭವಾದ ಮೇಲೆ ನರ್ಸಿಂಗ್ ಓದಿದ ಅನೇಕರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹಳ್ಳಿಯ ಉಪಕೇಂದ್ರಗಳಿಗೆ ಹೋಗುತ್ತಿದ್ದಾರೆ. ವೈದ್ಯರು ಶುರುಮಾಡಿದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವುದು ಅವರ ನಿತ್ಯದ ಕೆಲಸ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್, ಸಮುದಾಯ ಆರೋಗ್ಯ ಸೇವಾದಾರರು ಪ್ರಾಥಮಿಕ ಆರೈಕೆಯ ಮಿತಿಯಲ್ಲಿ ನಿಗದಿತ ಔಷಧಿಗಳನ್ನು ಬರೆಯಲು ಸೀಮಿತ ಪರವಾನಗಿಯ ಅವಕಾಶವನ್ನೂ ಕಲ್ಪಿಸಿದೆ. ಬ್ರಿಟನ್ನಿನಲ್ಲಿ ದಾದಿಯರು ಔಷಧಿ ಬರೆಯುವ ಪದ್ಧತಿ ಹಳೆಯದು. ಅಲ್ಲಿಯ ನರ್ಸಿಂಗ್ ಶಿಕ್ಷಣದ 2018ರ ಮಾನದಂಡಗಳು ಅದಕ್ಕೆ ಬೇಕಾದ ತಳಹದಿಯನ್ನು ಪದವಿಯಲ್ಲೇ ಹಾಕಬೇಕೆನ್ನುತ್ತವೆ, ಆದರೂ ಅಧಿಕಾರ ಸಿಗುವುದು ನೋಂದಣಿಯ ಬಳಿಕ ಪ್ರತ್ಯೇಕ ಕೋರ್ಸ್ ಮುಗಿಸಿದವರಿಗೆ ಮಾತ್ರ.

ನಮ್ಮ ಬಯಲುಸೀಮೆಯ ಒಂದು ಸಾಮಾನ್ಯ ಸಂದರ್ಭವನ್ನು ನೋಡೋಣ. ಅರವತ್ತು ದಾಟಿದ ರೈತರೊಬ್ಬರು ಟೆಲ್ಮಿಸಾರ್ಟಾನ್ ತಪ್ಪದೆ ನುಂಗುತ್ತಿದ್ದಾರೆ, ಆದರೂ ಬಿ.ಪಿ. ಇಳಿದಿಲ್ಲ. ವಿದ್ಯಾರ್ಥಿಗೆ ತಟ್ಟನೆ ಹೊಳೆಯುವುದು, ಡೋಸ್ ಸಾಲದು ಎಂಬ ಉತ್ತರ. ಮಂಡಿನೋವಿಗೆ ಏನು ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸಿದರೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಹೊರಬೀಳುತ್ತದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಈ ಭಾಗದಲ್ಲಿ ಕೀಲುನೋವಿನವರು ಬಹಳ, ನೋವಿನ ಮಾತ್ರೆಯನ್ನು ಅವರು ಔಷಧಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಆ ಮಾತ್ರೆ ಬಿ.ಪಿ.ಯನ್ನು ಏರಿಸಬಲ್ಲದು, ಟೆಲ್ಮಿಸಾರ್ಟಾನ್ ಜೊತೆ ಸೇರಿ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಅಪಾಯ ಇನ್ನಷ್ಟು. ಇಲ್ಲಿ ವಿದ್ಯಾರ್ಥಿ ಮಾಡಬೇಕಾದದ್ದು ಆ ವಿವರವನ್ನು ದಾಖಲಿಸಿ, ದೂರದಿಂದಲೇ ವೈದ್ಯರ ಸಲಹೆ ಪಡೆಯುವ ಸರ್ಕಾರಿ ಸೇವೆಯಾದ ಇ-ಸಂಜೀವನಿಯಲ್ಲಿ ವೈದ್ಯರಿಗೆ ತಿಳಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯ ಅಗತ್ಯವನ್ನು ಅವರ ಮುಂದಿಡುವುದು. ಶ್ರೀನಿವಾಸಪುರ, ಬಾಗೇಪಲ್ಲಿಯ ಹಳ್ಳಿಗಳಲ್ಲಿ ಇದನ್ನೆಲ್ಲ ತೆಲುಗಿನಲ್ಲಿ ಕೇಳಬೇಕಾಗುತ್ತದೆಂಬುದನ್ನು ನಮ್ಮ ತರಗತಿಗಳು ಗಮನಕ್ಕೇ ತಂದುಕೊಂಡಿಲ್ಲ.

ಲೆಕ್ಕದ ವಿಷಯವೂ ಅಷ್ಟೇ ಗಂಭೀರವಾದದ್ದು. ಹತ್ತು ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿ.ಗ್ರಾಂನಂತೆ 150 ಮಿ.ಗ್ರಾಂ ಪ್ಯಾರಸಿಟಮಾಲ್ ಬೇಕು. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವ ಸಿರಪ್ಪಾದರೆ 6 ಮಿ.ಲೀ., 250 ಮಿ.ಗ್ರಾಂ ಇರುವುದಾದರೆ 3 ಮಿ.ಲೀ. ಬಾಟಲಿಯ ಲೇಬಲ್ ಓದದೆ ಅಳತೆ ಹೇಳಿದರೆ ಮಗುವಿಗೆ ಎರಡು ಪಟ್ಟು ಔಷಧಿ ಹೋಗಬಹುದು.

ಆದ್ದರಿಂದ ರೋಗಿಗಳ ನಡುವೆ ನಡೆಯುವ ತರಬೇತಿಯಲ್ಲಿ, ಅಂದರೆ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ, ವಿದ್ಯಾರ್ಥಿಯ ಕೈಚಳಕಕ್ಕೆ ಕೊಡುವಷ್ಟೇ ಅಂಕಗಳನ್ನು ಅವಳು ಕೇಳಿದ ಪ್ರಶ್ನೆಗಳಿಗೂ ಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ. ಔಷಧಿ ಕೊಡದೆ, ಕಾರಣ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವ ಸರಿಯಾದ ನಿರ್ಧಾರಕ್ಕೆ ಪೂರ್ಣ ಅಂಕಗಳೇ ಸಿಗಬೇಕು.